ಕೊಲೆಗಾರ ಯಾರು ಅಂತ ಮೊದಲೇ ಗೊತ್ತಿದ್ದರೂ ಎದೆ ಯಾಕೆ ಢವಢವ ಅನ್ನುತ್ತದೆ?

ಉಣಕಲ್_ಓದುಗಿ (ಹುಬ್ಬಳ್ಳಿ)

ನಮಸ್ಕಾರ ಎಲ್ಲರಿಗೂ. ಪ್ರಶ್ನೆ ಸ್ವಲ್ಪ ವಿಚಿತ್ರ ಅನ್ನಿಸಬಹುದು, ನಗಬೇಡಿ.

ನನಗೆ ಸೈಕಾಲಾಜಿಕಲ್ ಥ್ರಿಲ್ಲರ್ ಅಂದರೆ ಪಂಚಪ್ರಾಣ. ಮಚ್ಚು, ರಕ್ತ, ಕಾರಿನ ಹಿಂದೆ ಕಾರು ಓಡಿಸುವ ಕಥೆಗಳನ್ನು ಓದುತ್ತಾ ನಾನು ಆಕಳಿಸುತ್ತೇನೆ. ನನಗೆ ಬೇಕಾದ್ದು ಬೇರೆ ನಮೂನಿ. ಒಂದು ಮನೆ, ಅದರಲ್ಲಿ ಮೂರ್ನಾಲ್ಕು ಜನ. ಎಲ್ಲರೂ ಚೆಂದಾಗಿ ಮಾತಾಡುತ್ತಾರೆ, ಒಬ್ಬರಿಗೊಬ್ಬರು ಬಡಿಸುತ್ತಾರೆ, ಇನ್ನೊಂದು ರೊಟ್ಟಿ ಹಾಕಲಾ ಅಂತ ಕೇಳುತ್ತಾರೆ. ಆದರೆ ಅವರಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತ ಓದುವವರಿಗೆ ವಾಸನೆ ಹೊಡೆಯುತ್ತಿರುತ್ತದೆ. ಯಾರು ಅಂತ ಮಾತ್ರ ತಿಳಿಯುವುದಿಲ್ಲ. ಕೆಲವೊಮ್ಮೆ ಕಥೆ ಹೇಳುತ್ತಿರುವ ‘ನಾನು’ ಇದ್ದಾಳಲ್ಲ, ಅವಳೇ ಸುಳ್ಳುಬುರುಕಿ. ಅಂಥ ಪುಸ್ತಕ ಕೈಗೆ ಸಿಕ್ಕರೆ ಒಲೆಯ ಮೇಲೆ ಹಾಲು ಉಕ್ಕಿ ಹೋದರೂ ನನಗೆ ಖಬರಿರುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ದಿನವಿಡೀ ಸಾಲದ ಫೈಲು ನೋಡುವ ಕೆಲಸ ನನ್ನದು, ಅಲ್ಲಿ ಟೆನ್ಶನ್‌ಗೇನೂ ಬರಗಾಲವಿಲ್ಲ. ಸಂಜೆ ಮನೆಗೆ ಬಂದು ಹಾಡು ಕೇಳಬಹುದು, ಕಾಮಿಡಿ ನೋಡಬಹುದು. ಅದೆಲ್ಲ ಬಿಟ್ಟು ಕೈಯಿಂದ ರೊಕ್ಕ ಕೊಟ್ಟು ಪುಸ್ತಕ ತಂದು ಇನ್ನಷ್ಟು ಟೆನ್ಶನ್ ಯಾಕೆ ತಲೆಗೆ ಹಚ್ಚಿಕೊಳ್ಳುತ್ತೇನೆ? ಎರಡನೆಯದು ಇನ್ನೂ ಸೋಜಿಗ. ಓದಿ ಮುಗಿಸಿದ್ದನ್ನೇ ಮತ್ತೆ ಓದುತ್ತೇನೆ. ಯಾರು ಮಾಡಿದ್ದು, ಯಾಕೆ ಮಾಡಿದ್ದು ಎಲ್ಲ ಗೊತ್ತು. ಆದರೂ ಅವಳು ಆ ಕೋಣೆಯ ಚಿಲಕಕ್ಕೆ ಕೈ ಹಾಕುವ ಹೊತ್ತಿಗೆ ನನ್ನ ಎದೆ ಢವಢವ ಅನ್ನುತ್ತದೆ. ಗೊತ್ತಿರುವ ವಿಷಯಕ್ಕೆ ಎದೆ ಯಾಕೆ ಹೊಡೆದುಕೊಳ್ಳಬೇಕು?

ನಮ್ಮ ಮನೆಯವರನ್ನು ಕೇಳಿದರೆ ‘ನಿನಗ ಬ್ಯಾರೆ ಕೆಲಸಿಲ್ಲ’ ಅಂತಾರೆ. ಅದಕ್ಕಿಂತ ಚಲೋ ಉತ್ತರ ಇದ್ದವರು ಹೇಳಿ. ಹಾಗೇ ಕನ್ನಡದಲ್ಲಿ ಈ ಜಾತಿಯ ಕಥೆ ಯಾಕೆ ಇಷ್ಟು ಕಡಿಮೆ ಅಂತಲೂ ಹೇಳಿ.

ಸಾಧನಕೇರಿ_ಮಾಸ್ತರ (ಧಾರವಾಡ)

ನೋಡವಾ ತಂಗಿ, ನಿನ್ನ ಎರಡನೇ ಪ್ರಶ್ನೆಗೆ ಉತ್ತರ ನಮ್ಮ ಕಡೆಯ ಆಟದಲ್ಲೇ ಇದೆ. ಸಂಗ್ಯಾ ಬಾಳ್ಯಾ ನೋಡಿದ್ದೀಯಾ? ಸಣ್ಣಾಟ, ಅಂದರೆ ಹಾಡು ಮಾತು ಕೂಡಿದ ನಮ್ಮ ಜನಪದ ನಾಟಕ. ಬೈಲಹೊಂಗಲದ ಕಡೆ ನಿಜವಾಗಿ ನಡೆದದ್ದು ಅಂತ ಹೇಳುವ ಕಥೆ. ಸಂಗ್ಯಾನಿಗೆ ಈರ್ಯಾನ ಹೆಂಡತಿ ಗಂಗಾಳ ಮೇಲೆ ಮನಸ್ಸು. ಬಾಳ್ಯಾ ಅವನ ಜೀವದ ಗೆಳೆಯ, ಈ ಕೆಲಸಕ್ಕೆ ಸಹಾಯ ಮಾಡಿದವನೂ ಅವನೇ. ಕೊನೆಗೆ ಅದೇ ಬಾಳ್ಯಾ ಆಸೆಗೆ ಬಿದ್ದು ಗೆಳೆಯನನ್ನು ಕೊಲ್ಲುವವರ ಕೈಗೆ ಒಪ್ಪಿಸುತ್ತಾನೆ. ಇದು ಊರಿನ ಸಣ್ಣ ಹುಡುಗರಿಗೂ ಗೊತ್ತು. ಹಾಡುಗಳೂ ಬಾಯಿಪಾಠ. ಗುಟ್ಟು ಅನ್ನುವುದೇ ಇಲ್ಲ ಅದರಲ್ಲಿ.

ನಾನು ಹುಡುಗನಿದ್ದಾಗ ಜಾತ್ರೆಯಲ್ಲಿ ಈ ಆಟ ನೋಡುವಾಗ ಪಕ್ಕದಲ್ಲಿ ಒಬ್ಬ ಮುದುಕಿ ಕೂತಿದ್ದಳು. ಬಾಳ್ಯಾ ಬಂದು ಸಂಗ್ಯಾನನ್ನು ಕರೆಯುತ್ತಾನೆ. ಸಂಗ್ಯಾ ನಗುತ್ತಲೇ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಡುತ್ತಾನೆ. ಈಕೆ ಎದ್ದು ನಿಂತು ‘ಹೋಗಬ್ಯಾಡೋ ನನ್ನಪ್ಪಾ, ಅಂವ ನಿನ್ನ ಕೊಲ್ಲಾಕ ಕರಕೊಂಡ ಹೊಂಟಾನ’ ಅಂತ ಕೂಗಿದಳು. ಎಳೆ ವಯಸ್ಸಿನಿಂದ ಆ ಆಟ ನೋಡುತ್ತಾ ಬಂದವಳು ಆಕೆ. ಮುಂದೇನಾಗುತ್ತದೆ ಅಂತ ಸಂಗ್ಯಾನ ಪಾತ್ರಧಾರಿಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದಕ್ಕೇ ಕೂಗಿದಳು. ಸಂಗ್ಯಾನಿಗೆ ಗೊತ್ತಿಲ್ಲ, ನಮಗೆ ಗೊತ್ತು, ಹೇಳೋಣ ಅಂದರೆ ಅವನಿಗೆ ಕೇಳಿಸುವುದಿಲ್ಲ. ಎದೆ ಹೊಡೆದುಕೊಳ್ಳುವುದು ಅಲ್ಲಿ.

ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಕೂಡ ಇದನ್ನೇ ಹೇಳಿದ್ದ. 1962ರಲ್ಲಿ ಫ್ರಾನ್ಸಿನ ನಿರ್ದೇಶಕ ತ್ರುಫೊ ಅವನ ಜೊತೆ ದಿನಗಟ್ಟಲೆ ಕೂತು ಮಾತಾಡಿದಾಗ ಕೊಟ್ಟ ಉದಾಹರಣೆ. ಇಬ್ಬರು ಮೇಜಿನ ಎರಡು ಕಡೆ ಕೂತು ಸುಮ್ನೆ ಹರಟುತ್ತಿದ್ದಾರೆ. ಮೇಜಿನ ಕೆಳಗಿನ ಬಾಂಬು ಇದ್ದಕ್ಕಿದ್ದಂತೆ ಸಿಡಿಯಿತು. ಪ್ರೇಕ್ಷಕ ಹದಿನೈದು ಸೆಕೆಂಡು ಬೆಚ್ಚಿಬಿದ್ದ, ಮುಗಿಯಿತು. ಅದೇ ಬಾಂಬು ಇಡುವುದನ್ನು ಪ್ರೇಕ್ಷಕನಿಗೆ ಮೊದಲೇ ತೋರಿಸಿ, ಒಂದು ಗಂಟೆಗೆ ಸಿಡಿಯುತ್ತದೆ ಅಂತ ಹೇಳಿ, ಗೋಡೆಯ ಗಡಿಯಾರದಲ್ಲಿ ಒಂದಕ್ಕೆ ಕಾಲು ಗಂಟೆ ಕಡಿಮೆ ಅಂತ ತೋರಿಸಿದರೆ ಅದೇ ಹರಟೆ ಹದಿನೈದು ನಿಮಿಷ ಉಸಿರುಗಟ್ಟಿಸುತ್ತದೆ. ಮಾತು ಒಂದಕ್ಷರ ಬದಲಾಗಿಲ್ಲ, ನೋಡುವವನಿಗೆ ಗೊತ್ತಿರುವ ವಿಷಯವಷ್ಟೇ ಬದಲಾಗಿದೆ. ಹಿಚ್‌ಕಾಕ್ ಬೈಲಹೊಂಗಲಕ್ಕೆ ಬಂದಿದ್ದರೆ ಆ ಮುದುಕಿಯ ಪಕ್ಕದಲ್ಲೇ ಜಾಗ ಹಿಡಿಯುತ್ತಿದ್ದ.

ಕನ್ನಡದಲ್ಲಿ ಯಾಕೆ ಕಡಿಮೆ ಅಂದಿಯಲ್ಲ, ನನಗೆ ತೋಚಿದ್ದು ಹೇಳುತ್ತೇನೆ. ನಮ್ಮಲ್ಲಿ ಎರಡು ಹೊಳೆ ಬೇರೆ ಬೇರೆ ಹರಿದವು. ಒಂದು ಪತ್ತೇದಾರಿ. ಎನ್. ನರಸಿಂಹಯ್ಯನವರು ನೂರಾರು ಕಾದಂಬರಿ ಬರೆದರು, ಅವರ ಪತ್ತೇದಾರ ಪುರುಷೋತ್ತಮನ ಹಿಂದೆ ಹೋಗಿ ಕನ್ನಡ ಓದಲು ಕಲಿತವರು ಎಷ್ಟೋ ಮಂದಿ. ಇನ್ನೊಂದು ತ್ರಿವೇಣಿಯವರ ದಾರಿ, ಮನಸ್ಸಿನ ಒಳಗಿನ ತೊಡಕು. ಅಲ್ಲಿ ಪೊಲೀಸರೂ ಇಲ್ಲ, ಕೊಲೆಯೂ ಇಲ್ಲ. ಇವೆರಡೂ ಒಂದೇ ಪುಸ್ತಕದಲ್ಲಿ ಕೂಡಿದ್ದು ಅಪರೂಪ. ಟಿ.ಕೆ. ರಾಮರಾವ್ ಹತ್ತಿರ ಹತ್ತಿರ ಬಂದರು. ಜನ ಅವರನ್ನು 1972ರ ‘ಬಂಗಾರದ ಮನುಷ್ಯ’ ಸಿನಿಮಾದ ಮೂಲ ಕಾದಂಬರಿಗೆ ನೆನೆಯುತ್ತಾರೆ, ಆದರೆ ಸಸ್ಪೆನ್ಸ್ ಬರೆಯುವುದರಲ್ಲಿ ಆ ಮನುಷ್ಯನ ಕೈ ಪಳಗಿತ್ತು.

ನಮ್ಮ ಕಾಲಕ್ಕೆ ಪುಸ್ತಕ ಬಾಡಿಗೆಗೆ ಕೊಡುವ ಲೈಬ್ರರಿಗಳಿದ್ದವು. ಪತ್ತೇದಾರಿ ತಂದರೆ ಯಾರೋ ಪುಣ್ಯಾತ್ಮ ಮೊದಲ ಪುಟದಲ್ಲೇ ಪೆನ್ಸಿಲ್ಲಿನಲ್ಲಿ ಕೊಲೆಗಾರನ ಹೆಸರು ಬರೆದಿಟ್ಟಿರುತ್ತಿದ್ದ. ಆ ಪುಸ್ತಕ ಅಲ್ಲಿಗೇ ಸತ್ತಂತೆ. ತ್ರಿವೇಣಿಯವರ ಪುಸ್ತಕಕ್ಕೆ ಹಾಗೆ ಬರೆದು ಏನು ಕೆಡಿಸುತ್ತೀ?

ಗದಗ_ಗಿರ್ಮಿಟ್ (ಗದಗ)

ಮಾಸ್ತರೇ ನಮಸ್ಕಾರ, ನಿಮ್ಮ ಮುದುಕಿ ಬಹಳ ಹಿಡಿಸಿದಳು. ಆದರೆ ನಾನು ಸ್ವಲ್ಪ ತಕರಾರು ಮಾಡುವವನು.

ಸಂಗ್ಯಾ ಬಾಳ್ಯಾದಲ್ಲಿ ಎಲ್ಲವೂ ಮುಂದೆ ಇಟ್ಟು ಆಟ ಆಡುತ್ತಾರೆ. ಈಗಿನ ಥ್ರಿಲ್ಲರ್‌ಗಳು ಹಾಗಿಲ್ಲ. ಮುನ್ನೂರು ಪುಟ ನಮ್ಮಿಂದ ವಿಷಯ ಮುಚ್ಚಿಡುತ್ತಾರೆ, ಕೊನೆಗೆ ‘ಟ್ವಿಸ್ಟ್’ ಅಂತ ಬಿಚ್ಚುತ್ತಾರೆ. ಅದು ಜಾಣತನವೇನಲ್ಲ. ಮುಚ್ಚಿಟ್ಟಿದ್ದನ್ನು ತೆಗೆಯುವುದು ಯಾರಿಗೆ ಬರುವುದಿಲ್ಲ? ಮಾಲಂತೂ ಅದೇ ಅದೇ. ಹೆಂಡತಿ ಕಾಣೆಯಾಗಿರುತ್ತಾಳೆ, ಗಂಡನ ಮೇಲೆ ಅನುಮಾನ. ಇಲ್ಲವೇ ಕಥೆ ಹೇಳುವವಳು ಕುಡಿದಿರುತ್ತಾಳೆ, ಆ ರಾತ್ರಿ ಏನಾಯಿತು ಅಂತ ಅವಳಿಗೆ ನೆನಪಿರುವುದಿಲ್ಲ, ಲೇಖಕರಿಗೆ ಬೇಕಾದ ಪುಟದಲ್ಲಿ ಸರಿಯಾಗಿ ನೆನಪು ಬರುತ್ತದೆ. ಅದೆಂಥಾ ನೆನಪು ಮಾರಾಯರೇ, ಟೈಮ್‌ಟೇಬಲ್ ಹಾಕಿಕೊಂಡು ಬರುವುದು. ಮುಖಪುಟವೂ ಒಂದೇ. ಹೆಂಗಸಿನ ಬೆನ್ನು, ಮಂಜು, ಒಂಟಿ ಮನೆ.

ಕಥೆ ಹೇಳುವವನೇ ಓದುಗನಿಗೆ ಟೋಪಿ ಹಾಕುವುದೂ ಹೊಸದಲ್ಲ. ಅಗಾಥಾ ಕ್ರಿಸ್ಟಿ 1926ರಲ್ಲೇ ಅದನ್ನು ಮಾಡಿ ಬೈಸಿಕೊಂಡಿದ್ದಾರೆ. ಪುಸ್ತಕದ ಹೆಸರು ಬರೆಯುವುದಿಲ್ಲ, ಓದದವರು ನನ್ನ ಮನೆಗೆ ಬರುತ್ತಾರೆ. ನೂರು ವರ್ಷದ ಹಿಂದಿನ ಉಪಾಯವನ್ನು ಈಗಲೂ ‘ಹಿಂದೆಂದೂ ಕಾಣದ ತಿರುವು’ ಅಂತ ಮಾರುತ್ತಾರೆ ಅಂದರೆ ಮಾರುವವರಿಗೆ ಕೈ ಮುಗಿಯಬೇಕು.

ಹಾಂ, ಗೊತ್ತಿದ್ದೂ ಓದುವುದರ ಬಗ್ಗೆ. 2011ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಲೆವಿಟ್, ಕ್ರಿಸ್ಟನ್‌ಫೆಲ್ಡ್ ಅನ್ನುವ ಇಬ್ಬರು ಮನಶ್ಶಾಸ್ತ್ರದವರು ವಿದ್ಯಾರ್ಥಿಗಳಿಗೆ ಸಣ್ಣಕಥೆ ಕೊಟ್ಟು ಪರೀಕ್ಷೆ ಮಾಡಿದರು. ಕೆಲವರಿಗೆ ಕೊನೆ ಮೊದಲೇ ಹೇಳಿದರು, ಕೆಲವರಿಗೆ ಹೇಳಲಿಲ್ಲ. ಕೊನೆ ಗೊತ್ತಿದ್ದವರೇ ಕಥೆಗಳಿಗೆ ಸ್ವಲ್ಪ ಜಾಸ್ತಿ ಮಾರ್ಕ್ಸ್ ಕೊಟ್ಟರು, ತಿರುವು ಇರುವ ಕಥೆಗಳಲ್ಲೂ. ಆಮೇಲೆ ಬೇರೆಯವರು ಮಾಡಿದ ಅಧ್ಯಯನಗಳಲ್ಲಿ ಉಲ್ಟಾ ಫಲಿತಾಂಶವೂ ಬಂದಿದೆ, ಹಾಗಾಗಿ ಇದನ್ನು ಹಿಡಿದುಕೊಂಡು ಸಿಕ್ಕಸಿಕ್ಕವರಿಗೆ ಕ್ಲೈಮ್ಯಾಕ್ಸ್ ಹೇಳಲು ಹೋಗಬೇಡಿ. ನನ್ನ ಮಾತಿಷ್ಟೇ. ಕೊನೆ ಗೊತ್ತಾದ ಮೇಲೆ ಎರಡನೇ ಸಲ ಓದಲು ಆಗದ ಥ್ರಿಲ್ಲರ್ ಮೊದಲನೇ ಸಲವೂ ಓದಲು ಲಾಯಕ್ಕಿರಲಿಲ್ಲ. ಅಕ್ಕಾ, ನೀವು ಎರಡೆರಡು ಸಲ ಓದುತ್ತೀರಿ ಅಂದರೆ ಆರಿಸುವುದರಲ್ಲಿ ನಿಮಗೆ ರುಚಿ ಇದೆ.

ಚಿಗರಿ_ಪಾಸ್ (ಹುಬ್ಬಳ್ಳಿ)

ಗಿರ್ಮಿಟ್ ಅಣ್ಣಾ, ಇಷ್ಟು ಬೈಯಬೇಕು ಅಂದರೆ ನೀವೂ ಸಾಕಷ್ಟು ಓದಿದ್ದೀರಿ ಅಂತಾಯಿತಲ್ಲ 😄

ನೈಟ್_ಡ್ಯೂಟಿ (ಧಾರವಾಡ)

ನಾನು ಮಾನಸಿಕ ಆರೋಗ್ಯದ ಕಡೆ ಕೆಲಸ ಮಾಡುವವಳು. ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ ಹೇಳಿ, ಆಮೇಲೆ ಒಂದು ಸಿಟ್ಟು ಹೊರಹಾಕುತ್ತೇನೆ.

ದೇಹಕ್ಕೆ ಇದು ಕಥೆ, ಇದು ನಿಜ ಅಂತ ಸರಿಯಾಗಿ ಬೇರೆ ಮಾಡಲು ಬರುವುದಿಲ್ಲ. ಚಿಲಕಕ್ಕೆ ಕೈ ಹಾಕುವ ಸಾಲು ಓದಿದರೆ ಅಡ್ರಿನಲಿನ್ ಏರುತ್ತದೆ, ಎದೆಬಡಿತ ಜೋರಾಗುತ್ತದೆ, ಅಂಗೈ ಬೆವರುತ್ತದೆ. ತಲೆಗೆ ಮಾತ್ರ ಗೊತ್ತಿರುತ್ತದೆ, ನಾನು ಮಂಚದ ಮೇಲಿದ್ದೇನೆ, ಬಾಗಿಲು ಹಾಕಿದೆ, ಬೇಕಾದರೆ ಪುಸ್ತಕ ಮುಚ್ಚಬಹುದು ಅಂತ. ಆ ‘ಬೇಕಾದರೆ’ ಇದೆಯಲ್ಲ, ಎಲ್ಲ ಅದರ ಮೇಲೆ ನಿಂತಿದೆ. ನಿಮ್ಮ ಆಫೀಸಿನ ಟೆನ್ಶನ್ನನ್ನು ಮುಚ್ಚಿ ದಿಂಬಿನ ಕೆಳಗೆ ಇಡಲು ಆಗುತ್ತದಾ? ಇಲ್ಲ. ಅದು ಯಾವಾಗ ಮುಗಿಯುತ್ತದೆ ಅಂತಲೂ ಗೊತ್ತಿಲ್ಲ. ಪುಸ್ತಕದ್ದು ಕೊನೆಯ ಪುಟಕ್ಕೆ ಮುಗಿಯುತ್ತದೆ. ಎಷ್ಟು ಪುಟ ಉಳಿದಿದೆ ಅಂತ ಹೆಬ್ಬೆರಳಿಗೇ ಗೊತ್ತಾಗುತ್ತಿರುತ್ತದೆ.

ಜಿಲ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞರು ಇನ್ನೊಂದು ವಿವರಣೆ ಕೊಟ್ಟರು. ಹೆದರಿಕೆಯಿಂದ ಮೈಯಲ್ಲಿ ಎದ್ದ ಕಾವು ತಕ್ಷಣ ಇಳಿಯುವುದಿಲ್ಲ. ಅಷ್ಟರಲ್ಲಿ ಕಥೆಯಲ್ಲಿ ಅವಳು ಪಾರಾದಳು ಅಂತ ತಿಳಿಯುತ್ತದೆ. ಉಳಿದಿದ್ದ ಕಾವೆಲ್ಲ ಆಗ ಸಮಾಧಾನದ ಕಡೆ ಹೊರಳುತ್ತದೆ. ಹಾಗಾಗಿ ಎಷ್ಟು ಹೆದರಿದ್ದಿರೋ ಅಷ್ಟು ಹಾಯ್ ಅನ್ನಿಸುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಅದೂ ನೆನಪಿರಲಿ. ಈಗಾಗಲೇ ಆತಂಕದ ತೊಂದರೆ ಇರುವವರು, ನಿಜಜೀವನದಲ್ಲಿ ಪೆಟ್ಟು ತಿಂದವರು ಇಂಥದ್ದು ಓದಿದರೆ ಆ ಹಾಯ್ ಬರುವುದೇ ಇಲ್ಲ, ಬರೀ ಹೆದರಿಕೆ ಉಳಿಯುತ್ತದೆ. ನಿದ್ದೆ ಕೆಡುತ್ತಿದ್ದರೆ ರಾತ್ರಿ ಓದುವುದು ಬಿಡಿ, ಮಧ್ಯಾಹ್ನ ಓದಿ.

ಈಗ ಸಿಟ್ಟು. ಹತ್ತರಲ್ಲಿ ಎಂಟು ಥ್ರಿಲ್ಲರ್‌ಗಳ ಕೊನೆಯಲ್ಲಿ ಏನಾಗುತ್ತದೆ? ಕೊಲೆಗಾರನಿಗೆ ‘ಮಾನಸಿಕ ಕಾಯಿಲೆ’. ಅಲ್ಲಿಗೆ ಎಲ್ಲ ಪ್ರಶ್ನೆಗೂ ಉತ್ತರ ಸಿಕ್ಕಂತೆ, ಲೇಖಕರು ಪೆನ್ನು ಕೆಳಗಿಟ್ಟು ಊಟಕ್ಕೆ ಹೋಗಬಹುದು. ಒಬ್ಬನೇ ಮನುಷ್ಯ ಹಗಲು ದೇವರಂಥವನು, ರಾತ್ರಿ ಕೊಲೆಗಾರ, ಅವನಿಗೇ ಅದು ಗೊತ್ತಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ ಅಂಥವರೊಬ್ಬರನ್ನೂ ನಾನು ನೋಡಿಲ್ಲ. ನೋಡಿದ್ದು ಊಟ ಬಿಟ್ಟವರನ್ನು, ಮಾತು ಬಿಟ್ಟವರನ್ನು, ಬೇರೆಯವರಿಂದ ಹೊಡೆತ ತಿಂದು ಬಂದವರನ್ನು. ಮಾನಸಿಕ ಕಾಯಿಲೆ ಇರುವವರು ಬೇರೆಯವರಿಗೆ ಹಿಂಸೆ ಕೊಡುವುದಕ್ಕಿಂತ ತಾವೇ ಹಿಂಸೆಗೆ ಸಿಗುವುದು ಜಾಸ್ತಿ, ಇದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ವಿಷಯ.

ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆಸ್ಪತ್ರೆ ಇದೆ, ನಿಮಗೆಲ್ಲ ಗೊತ್ತು. ಈ ಕಡೆಯ ಊರುಗಳಲ್ಲಿ ಯಾರಾದರೂ ಸ್ವಲ್ಪ ವಿಚಿತ್ರವಾಗಿ ನಡೆದುಕೊಂಡರೆ ‘ಧಾರವಾಡಕ್ಕ ಕಳಸ್ರಿ ಇವನ್ನ’ ಅಂತ ನಗುತ್ತಾರೆ. ಆ ನಗುವಿನ ಹೆದರಿಕೆಗೇ ಚಿಕಿತ್ಸೆಗೆ ಬರುವುದನ್ನು ಮುಂದೂಡುವ ಮನೆಗಳಿವೆ. ತ್ರಿವೇಣಿಯವರ ‘ಶರಪಂಜರ’ವನ್ನು ಮಾಸ್ತರು ಹೆಸರಿಸುತ್ತಾರೆ ಅಂದುಕೊಂಡಿದ್ದೆ. ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು. ಅದರಲ್ಲಿ ಕಾವೇರಿಗೆ ಹೆರಿಗೆಯ ನಂತರ ಕಾಯಿಲೆ ಬರುತ್ತದೆ, ಚಿಕಿತ್ಸೆಯಿಂದ ಗುಣವಾಗುತ್ತದೆ, ಮನೆಗೆ ಬರುತ್ತಾಳೆ. ಹೆದರಿಕೆ ಶುರುವಾಗುವುದು ಆಮೇಲೆ. ಅವಳು ನಕ್ಕರೂ ಎಲ್ಲರೂ ಅನುಮಾನದಿಂದ ನೋಡುತ್ತಾರೆ, ಅತ್ತರೂ ನೋಡುತ್ತಾರೆ. ಮತ್ತೆ ಅವಳನ್ನು ಕಾಯಿಲೆಗೆ ನೂಕುವವರು ಸುತ್ತಲಿನ ‘ಸರಿಯಾಗಿರುವ’ ಜನ. ನನ್ನ ಲೆಕ್ಕದಲ್ಲಿ ಕನ್ನಡದ ಅತಿ ಭಯಾನಕ ಸೈಕಾಲಾಜಿಕಲ್ ಥ್ರಿಲ್ಲರ್ ಅದೇ. ಅಂಗಡಿಯಲ್ಲಿ ಅದನ್ನು ಸಾಮಾಜಿಕ ಕಾದಂಬರಿಗಳ ಸಾಲಿನಲ್ಲಿ ಇಟ್ಟಿರುತ್ತಾರೆ ಅಷ್ಟೇ.

ಸಾಧನಕೇರಿ_ಮಾಸ್ತರ (ಧಾರವಾಡ)

ತಾಯೀ, ಒಪ್ಪಿದೆ. ಶರಪಂಜರವನ್ನು ಹಾಗೆ ಯಾರೂ ಹೇಳಿದ್ದು ಕೇಳಿರಲಿಲ್ಲ. ಕೊಲೆಗಾರನಿಗೆ ಹುಚ್ಚು ಅನ್ನುವುದು ಹಳೆಯ ನಾಟಕ ಕಂಪನಿಯವರು ಕೊನೆಗೆ ದೇವರನ್ನು ರಂಗಕ್ಕೆ ಇಳಿಸುತ್ತಿದ್ದರಲ್ಲ, ಆ ಬಾಬತ್ತು.

ಯಾಲಕ್ಕಿ_ಹಾರ (ಹಾವೇರಿ)

ಬಹಳ ಹೊತ್ತಿನಿಂದ ಸುಮ್ನೆ ಓದುತ್ತಿದ್ದೆ, ತಡೆಯಲಾಗಲಿಲ್ಲ. ನಾನು ಇಂಥ ಕಥೆ ಬರೆಯಲು ಪ್ರಯತ್ನ ಮಾಡುತ್ತಿರುವವನು, ಬರೆಯುವ ಕಡೆಯಿಂದ ನಾಲ್ಕು ಮಾತು.

ಗಿರ್ಮಿಟ್ ಅಣ್ಣ ಹೇಳಿದ್ದು ನಿಜ, ಮುಚ್ಚಿಡುವುದು ಸುಲಭ. ಕಷ್ಟ ಯಾವುದು ಅಂದರೆ ಎಲ್ಲವನ್ನೂ ಕಣ್ಣ ಮುಂದೆ ಇಟ್ಟು ಓದುಗ ಅದನ್ನು ದಾಟಿ ಹೋಗುವಂತೆ ಮಾಡುವುದು. ನಾನು ಈಗ ಬರೆಯುತ್ತಿರುವುದರಲ್ಲಿ ಒಂದು ದೃಶ್ಯ ಇದೆ, ಹೇಳುತ್ತೇನೆ.

ಹಾವೇರಿಯಲ್ಲಿ ಒಂದು ಬಾಡಿಗೆ ಮನೆ. ಹೆಂಡತಿ ಶಾಲೆಯ ಟೀಚರು, ರಾಣೇಬೆನ್ನೂರಿಗೆ ದಿನಾ ಹೋಗಿ ಬರುತ್ತಾಳೆ. ಗಂಡ ಮನೆಯಿಂದಲೇ ಕೆಲಸ. ಒಂದು ಸಂಜೆ ಬಂದವಳು ಪಾತ್ರೆ ತಿಕ್ಕಲು ಹೋದರೆ ಸಿಂಕಿನಲ್ಲಿ ಚಹಾದ ಎರಡು ಕಪ್, ಎರಡು ಬಸಿ (ಸಾಸರ್). ‘ಯಾರರ ಬಂದಿದ್ರೇನು?’ ಅಂತ ಕೇಳುತ್ತಾಳೆ. ಗಂಡ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ ‘ಯಾರಿಲ್ಲಲ್ಲ, ನಾನ ಎರಡ ಸಲ ಚಾ ಮಾಡ್ಕೊಂಡೆ’ ಅನ್ನುತ್ತಾನೆ. ಇದರಲ್ಲೇನಿದೆ? ಏನೂ ಇಲ್ಲ. ಅವಳು ತಿಕ್ಕಲು ಶುರು ಮಾಡುತ್ತಾಳೆ. ಎರಡನೇ ಬಸಿಯ ಅಂಚಿಗೆ ಹಾಲಿನ ಕೆನೆ ಒಣಗಿ ಅಂಟಿದೆ. ಯಾರೋ ಚಹಾದ ಮೇಲಿನ ಕೆನೆಯನ್ನು ಬೆರಳಿನಿಂದ ತೆಗೆದು ಬಸಿಗೆ ಒರೆಸಿದ್ದಾರೆ. ಅವಳ ಗಂಡ ಕೆನೆ ಬಿಡುವ ಮನುಷ್ಯನಲ್ಲ. ಅವಳ ಕಪ್ಪಿನ ಕೆನೆಯನ್ನೂ ಕೇಳಿ ತಿನ್ನುವವನು. ಅವಳು ನೀರು ಬಿಡುತ್ತಾಳೆ, ಬಸಿ ತೊಳೆಯುತ್ತಾಳೆ, ಕವುಚಿ ಇಡುತ್ತಾಳೆ. ಏನೂ ಕೇಳುವುದಿಲ್ಲ.

ಅವಳು ಯಾಕೆ ಕೇಳುವುದಿಲ್ಲ, ಅದರ ಮೇಲೆ ಮುಂದಿನ ಕಥೆ ನಡೆಯುತ್ತದೆ. ಕೇಳಿಬಿಟ್ಟರೆ ಜಗಳವಾಗುತ್ತದೆ, ಒಂದು ಉತ್ತರ ಸಿಗುತ್ತದೆ, ಕಥೆ ಮುಗಿಯುತ್ತದೆ. ಕೇಳದೆ ಇದ್ದಳೋ, ಅವತ್ತಿನಿಂದ ಅವಳೂ ಒಂದು ವಿಷಯ ಮುಚ್ಚಿಟ್ಟಂತಾಯಿತು. ಈಗ ಆ ಮನೆಯಲ್ಲಿ ಇಬ್ಬರು ನಾಟಕ ಮಾಡುತ್ತಿದ್ದಾರೆ. ಮರುದಿನ ಅವನು ‘ಚಾ ಕುಡಿತೀ?’ ಅಂತ ಕೇಳಿದರೂ ಓದುವವನಿಗೆ ಮೈ ಜುಂ ಅನ್ನಬೇಕು. ಅದೇ ಮಾಸ್ತರರ ಬಾಂಬು.

ಇನ್ನೊಂದು ವಿಷಯ. 1938ರಲ್ಲಿ ಇಂಗ್ಲೆಂಡಿನ ಪ್ಯಾಟ್ರಿಕ್ ಹ್ಯಾಮಿಲ್ಟನ್ ಬರೆದ ‘ಗ್ಯಾಸ್ ಲೈಟ್’ ನಾಟಕದ ಉಪಾಯ ನೋಡಿ. ಗಂಡ ಹೊರಗೆ ಹೋಗುತ್ತೇನೆ ಅಂತ ಹೇಳಿ, ಕದ್ದು ಮನೆಯ ಮೇಲಿನ ಮಹಡಿಗೆ ಹೋಗಿ ಅಲ್ಲಿ ದೀಪ ಹಚ್ಚುತ್ತಾನೆ. ಒಂದೇ ಪೈಪಿನ ಗ್ಯಾಸು, ಹಾಗಾಗಿ ಕೆಳಗೆ ಹೆಂಡತಿ ಕೂತ ಕೋಣೆಯ ದೀಪ ಸಣ್ಣದಾಗುತ್ತದೆ. ಅವಳು ಅದನ್ನು ಕಣ್ಣಾರೆ ನೋಡುತ್ತಾಳೆ. ಆದರೆ ನಿನ್ನ ತಲೆ ಕೆಟ್ಟಿದೆ, ನೀನು ಏನೇನೋ ಕಲ್ಪಿಸಿಕೊಳ್ಳುತ್ತೀ ಅಂತ ಗಂಡ ಮೊದಲೇ ನಂಬಿಸಿಬಿಟ್ಟಿದ್ದಾನೆ, ಹಾಗಾಗಿ ಅವಳು ತನ್ನ ಕಣ್ಣನ್ನೇ ಅನುಮಾನಿಸುತ್ತಾಳೆ. ಗೋಡೆಯ ಮೇಲಿನ ದೀಪ ಒಂದು ಸ್ವಲ್ಪ ಇಳಿಯುವುದು, ಅಷ್ಟೇ. ಚಾಕು ಬೇಕಿಲ್ಲ, ರಕ್ತ ಬೇಕಿಲ್ಲ. ನಮ್ಮ ಮನೆಗಳಲ್ಲಿ ಗ್ಯಾಸ್ ದೀಪ ಇರಲಿಲ್ಲ, ಆದರೆ ‘ನೀ ಸುಳ್ಳ ಏನೇನರ ತಲ್ಯಾಗ ತುಂಬ್ಕೋತಿ’ ಅನ್ನುವ ಮಾತು ಯಾರ ಮನೆಯಲ್ಲಿ ಇಲ್ಲ ಹೇಳಿ.

ಕನ್ನಡದಲ್ಲಿ ಕಡಿಮೆ ಯಾಕೆ ಅಂದರೆ, ನನಗನ್ನಿಸುವುದು, ನಮ್ಮವರು ಥ್ರಿಲ್ಲರ್ ಅಂದ ಕೂಡಲೇ ಬೆಂಗಳೂರಿನ ಅಪಾರ್ಟ್‌ಮೆಂಟಿಗೋ ಮಲೆನಾಡಿನ ಎಸ್ಟೇಟ್ ಬಂಗಲೆಗೋ ಓಡುತ್ತಾರೆ. ಒಂಟಿತನ ಬೇಕು ಅಂತ. ಬಯಲುಸೀಮೆಯ ಓಣಿಯಲ್ಲಿ ಒಂಟಿತನ ಸಿಗುವುದಿಲ್ಲ, ಗೋಡೆಗೆ ಗೋಡೆ ಹತ್ತಿದ ಮನೆಗಳು, ಎದುರುಮನೆಯವರಿಗೆ ನಮ್ಮ ಒಗ್ಗರಣೆಯ ವಾಸನೆ ಗೊತ್ತು. ಆದರೆ ನನ್ನ ಪ್ರಕಾರ ಹೆದರಿಕೆಗೆ ಅದೇ ಚಲೋ ಜಾಗ. ಕಟ್ಟೆಯ ಮೇಲೆ ಕೂತ ಹತ್ತು ಜನರ ಕಣ್ಣ ಮುಂದೆ ಒಬ್ಬಳು ಅಪಾಯದಲ್ಲಿದ್ದಾಳೆ, ಯಾರಿಗೂ ಕಾಣುತ್ತಿಲ್ಲ. ಎಸ್ಟೇಟಿನಲ್ಲಿ ಕೂಗಿದರೆ ಕೇಳುವವರಿಲ್ಲ. ಇಲ್ಲಿ ಕೂಗಿದರೆ ಎಲ್ಲರಿಗೂ ಕೇಳುತ್ತದೆ, ‘ಗಂಡ ಹೆಂಡತಿ ಜಗಳ, ನಮಗ್ಯಾಕ’ ಅಂತ ಟಿವಿ ಸೌಂಡು ಏರಿಸುತ್ತಾರೆ.

ಉಣಕಲ್_ಓದುಗಿ (ಹುಬ್ಬಳ್ಳಿ)

ಎಲ್ಲರಿಗೂ ದೊಡ್ಡ ನಮಸ್ಕಾರ. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ.

ಮಾಸ್ತರೇ, ಆ ಮುದುಕಿಯ ಜಾಗದಲ್ಲಿ ನಾನೇ ಕೂತಂಗಾಯಿತು. ಮತ್ತೆ ಓದುವಾಗ ನನಗೆ ಆಗುವುದು ಅದೇ. ಮೊದಲ ಸಲ ಅವಳ ಜೊತೆ ನಾನೂ ಮೋಸ ಹೋಗಿರುತ್ತೇನೆ. ಎರಡನೇ ಸಲ ಅವಳೊಬ್ಬಳೇ ಮೋಸ ಹೋಗುತ್ತಾಳೆ, ನಾನು ಕೂತು ನೋಡುತ್ತೇನೆ, ಅದು ಇನ್ನೂ ಸಂಕಟ.

ನೈಟ್ ಡ್ಯೂಟಿ ಅಕ್ಕಾ, ನೀವು ಹೇಳಿದ ‘ಬೇಕಾದರೆ ಮುಚ್ಚಬಹುದು’ ಮನಸ್ಸಿಗೆ ತಾಗಿತು. ಆದರೆ ಒಂದು ಮಾತು ಸೇರಿಸುತ್ತೇನೆ. ಆಫೀಸಿನಲ್ಲಿ ನನ್ನ ಎದುರು ಕೂತವರು ಅರ್ಧ ಸತ್ಯ ಹೇಳುತ್ತಿದ್ದಾರೆ ಅಂತ ಎಷ್ಟೋ ಸಲ ಅನ್ನಿಸುತ್ತದೆ. ಜಾಮೀನು ಹಾಕಲು ಬಂದ ಅಣ್ಣ ತಮ್ಮನ ಮುಖ ನೋಡುವುದೇ ಇಲ್ಲ. ಹೆಂಡತಿ ಹೆಬ್ಬೆಟ್ಟು ಒತ್ತುವ ಮುಂಚೆ ಗಂಡನ ಕಡೆ ನೋಡುತ್ತಾಳೆ. ಅದರ ಹಿಂದೆ ಏನಿತ್ತು ಅಂತ ನನಗೆ ಯಾವತ್ತೂ ಗೊತ್ತಾಗುವುದಿಲ್ಲ, ಫೈಲು ಕ್ಲೋಸ್ ಆಗುತ್ತದೆ, ಅವರು ಹೋಗುತ್ತಾರೆ. ಪುಸ್ತಕದಲ್ಲಾದರೂ ಯಾರು ಯಾಕೆ ಹಾಗೆ ನೋಡಿದರು ಅಂತ ಒಂದು ದಿನ ತಿಳಿಯುತ್ತದೆ. ಬಹುಶಃ ನಾನು ರೊಕ್ಕ ಕೊಡುವುದು ಅದಕ್ಕೇ.

ಯಾಲಕ್ಕಿ ಹಾರ ಅವರೇ, ಅದೆಲ್ಲ ಇರಲಿ. ಆ ಕೆನೆ ಯಾರದು?

ಚಿಗರಿ_ಪಾಸ್ (ಹುಬ್ಬಳ್ಳಿ)

ಹೌದು, ಕೆನೆ ಯಾರದು? ನಾನು ಮೇಲಿನಿಂದ ಬರೀ ಅದನ್ನೇ ಯೋಚನೆ ಮಾಡುತ್ತಾ ಬಂದೆ. ಮಾಸ್ತರರ ಹಿಚ್‌ಕಾಕ್ ಅರ್ಧ ತಲೆಗೆ ಹೋಗಲಿಲ್ಲ.

ಯಾಲಕ್ಕಿ_ಹಾರ (ಹಾವೇರಿ)

ಹೇಳುವುದಿಲ್ಲ 🙂

ಚಿಗರಿ ಪಾಸ್ ಅವರೇ, ನಿಮಗೆ ಆಗುತ್ತಿರುವುದಕ್ಕೂ ಒಂದು ಹಳೆಯ ಪ್ರಯೋಗ ಇದೆ. ಬ್ಲೂಮಾ ಜೈಗಾರ್ನಿಕ್ ಅನ್ನುವವರು 1927ರಲ್ಲಿ ಬರ್ಲಿನ್‌ನಿಂದ ಪ್ರಕಟಿಸಿದ್ದು. ಜನರಿಗೆ ಸಣ್ಣ ಸಣ್ಣ ಕೆಲಸ ಕೊಟ್ಟು, ಕೆಲವನ್ನು ಮುಗಿಸಲು ಬಿಟ್ಟು, ಕೆಲವನ್ನು ನಡುವೆ ನಿಲ್ಲಿಸಿದರು. ಆಮೇಲೆ ಕೇಳಿದರೆ ಅರ್ಧಕ್ಕೆ ನಿಂತ ಕೆಲಸಗಳೇ ಜನರಿಗೆ ಚೆನ್ನಾಗಿ ನೆನಪಿದ್ದವು. ಹೋಟೆಲಿನ ಮಾಣಿಗೆ ಬಿಲ್ಲು ಕೊಡದ ಟೇಬಲ್ಲಿನ ಆರ್ಡರ್ ಪೂರ್ತಿ ನೆನಪಿರುತ್ತದೆ, ರೊಕ್ಕ ಬಂದ ಕೂಡಲೇ ಮರೆತುಹೋಗುತ್ತದೆ ಅನ್ನುವ ಮಾತಿನಿಂದ ಇದು ಶುರುವಾಯಿತಂತೆ. ಎಲ್ಲ ಕಡೆ ಮಾಡಿ ನೋಡಿದಾಗ ಹಾಗೇ ಬಂದಿಲ್ಲ, ಆದರೆ ವಾರಪತ್ರಿಕೆಯ ಧಾರಾವಾಹಿ ಬರೆಯುವವರು ಇದನ್ನು ಯಾವ ಪ್ರಯೋಗವೂ ಇಲ್ಲದೆ ಅರಿತಿದ್ದರು. ‘ಮುಂದಿನ ವಾರಕ್ಕೆ’ ಅಂತ ಬರೆದು ಅವರು ಆರಾಮಾಗಿ ಮಲಗುತ್ತಿದ್ದರು, ಓದಿದವರು ಏಳು ದಿನ ಒದ್ದಾಡುತ್ತಿದ್ದರು.

ಗದಗ_ಗಿರ್ಮಿಟ್ (ಗದಗ)

ಥ್ರಿಲ್ಲರ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ ಅಂತ ಮೊದಲೇ ಹೇಳಿಬಿಡುತ್ತ, ಕೆನೆಯ ಬಗ್ಗೆ ನನ್ನದೊಂದು ಊಹೆ. ಹೊರಗಿನವರು ಯಾರೂ ಬಂದಿಲ್ಲ. ಬಂದದ್ದು ಹೆಂಡತಿಯ ತಂಗಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅದು ಸವಕಲು. ನನ್ನ ಲೆಕ್ಕದಲ್ಲಿ ಬಂದವಳು ಅವನ ಅವ್ವ. ಅವ್ವ ಸತ್ತಿದ್ದಾಳೆ ಅಂತ ಹೆಂಡತಿಗೆ ಹೇಳಿ ಮದುವೆಯಾಗಿದ್ದಾನೆ. ಹೇಗಿದೆ?

ನೈಟ್_ಡ್ಯೂಟಿ (ಧಾರವಾಡ)

ಗಿರ್ಮಿಟ್ ಅವರೇ, ಚೆನ್ನಾಗಿದೆ, ನೀವೇ ಬರೆಯಿರಿ.

ಯಾಲಕ್ಕಿ ಹಾರ, ನಿಮಗೆ ಒಂದೇ ಒಂದು ವಿನಂತಿ. ಯಾರಾದರೂ ಬಂದಿರಲಿ, ಬರದೇ ಇರಲಿ, ಕೊನೆಯಲ್ಲಿ ಆ ಗಂಡನಿಗೆ ‘ಮಾನಸಿಕ ಕಾಯಿಲೆ, ಎರಡನೇ ಕಪ್ಪಿನಲ್ಲಿ ಕುಡಿದವನೂ ಅವನೇ, ಆಗ ಅವನು ಬೇರೆ ಮನುಷ್ಯ’ ಅಂತ ಮಾತ್ರ ಮಾಡಬೇಡಿ. ಮಾಡಿದರೆ ಹಾವೇರಿಗೆ ಬಸ್ ಹತ್ತುತ್ತೇನೆ.

ಯಾಲಕ್ಕಿ_ಹಾರ (ಹಾವೇರಿ)

ಇಲ್ಲ ಅಕ್ಕಾ, ಖಂಡಿತ ಇಲ್ಲ. ಅವನಿಗೆ ಯಾವ ಕಾಯಿಲೆಯೂ ಇಲ್ಲ. ತಾನು ಏನು ಮಾಡುತ್ತಿದ್ದೇನೆ ಅಂತ ಅವನಿಗೆ ಚೆನ್ನಾಗಿ ಗೊತ್ತು.

ಗದಗ_ಗಿರ್ಮಿಟ್ (ಗದಗ)

ಅಂದರೆ ಮಾಡಿದ್ದು ಗಂಡನೇ! ಕೆನೆಯನ್ನು ಬೇಕಂತಲೇ ಬಸಿಗೆ ಒರೆಸಿ ಇಟ್ಟಿದ್ದಾನೆ, ಅವಳು ನೋಡಲಿ ಅಂತ. ಬಿಟ್ಟುಕೊಟ್ಟಿರಲ್ಲ ಸ್ವಾಮಿ!

ಉಣಕಲ್_ಓದುಗಿ (ಹುಬ್ಬಳ್ಳಿ)

ಗಿರ್ಮಿಟ್ ಅಣ್ಣಾ, ಮೊದಲ ಪುಟದಲ್ಲಿ ಪೆನ್ಸಿಲ್ಲಿನಿಂದ ಬರೆದಿಡುತ್ತಿದ್ದ ಪುಣ್ಯಾತ್ಮ ನಿಮ್ಮ ಮನೆತನದವನೇ ಇರಬೇಕು.

ಯಾಲಕ್ಕಿ_ಹಾರ (ಹಾವೇರಿ)

ಹೆಂಡತಿ ಹೇಳಿದ್ದೆಲ್ಲ ನಿಜ ಅಂತ ನಿಮಗೆ ಯಾರು ಹೇಳಿದರು? ಆ ಬಸಿಯ ಅಂಚಿಗೆ ಕೆನೆ ಇದ್ದದ್ದನ್ನು ನೋಡಿದವಳು ಅವಳೊಬ್ಬಳೇ. ನೋಡಿದ ಕೂಡಲೇ ತೊಳೆದೂ ಬಿಟ್ಟಳು.